ನಾಣ್ಯಕ್ಕೆ ಅಡ್ಡಹೆಸರಿಲ್ಲ

ಫೋನಿನಲ್ಲಿ ದಿನಕ್ಕೊಂದು ಹಳೆಯ ಚಿತ್ರ ಬರುತ್ತದೆ. ತಲೆಯ ಮೇಲೆ ಗಾಜಿನ ಬುರುಡೆ ಹೊತ್ತ ಪೆಟ್ರೋಲ್ ಪಂಪು, ಹಾರ ಹಾಕಿದ ಅಂಬಾಸಿಡರ್ ಕಾರಿನ ಮುಂದೆ ಸಾಲಾಗಿ ನಿಂತ ಕುಟುಂಬ, ರೈಲು ನಿಲ್ದಾಣದಲ್ಲಿ ಬಣ್ಣದ ದೀಪ ಮಿನುಗಿಸುವ ತೂಕದ ಯಂತ್ರ. ಕೆಳಗೆ ‘ಆ ಕಾಲವೇ ಚೆಂದ’ ಎಂಬ ಒಂದು ಸಾಲು. ಅದರ ಕೆಳಗೆ ಕೈಮುಗಿದ ಚಿಹ್ನೆಗಳು. ಕಳಿಸುವವರು ಹೆಚ್ಚಾಗಿ ನನ್ನ ವಯಸ್ಸಿನವರೇ, ಅರವತ್ತರ ಆಚೀಚೆ ಇರುವವರು. ನಾನೂ ನೋಡುತ್ತೇನೆ. ಒಂದು ಕ್ಷಣ ಬೆರಳು ಮುಂದೆ ಹೋಗುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಹಳಹಳಿಕೆ ಎಂಬ ಒಳ್ಳೆಯ ಮಾತಿದೆ. ಕಿವಿಗೆ ‘ಹಳೆಯದು’ ಎಂಬಂತೆ ಕೇಳಿಸಿದರೂ ಅದರೊಳಗೆ ಇರುವುದು ಕೊರಗು, ಮರುಕ. ಹೋದದ್ದನ್ನು ನೆನೆದು ಒಳಗೊಳಗೇ ಬೇಯುವುದು. ಹಳಹಳಿಕೆಗೆ ಸರಿ ತಪ್ಪು ಎಂಬುದಿಲ್ಲ, ಹಸಿವಿಗೆ ಇಲ್ಲದ ಹಾಗೆ, ಎನ್ನುವವರಿದ್ದಾರೆ. ಮನಸ್ಸಿನಲ್ಲಿ ಏಳುವ ಹೊತ್ತಿಗೆ ಅದು ನಿಜವಿರಬಹುದು. ಆದರೆ ‘ಆ ಕಾಲವೇ ಚೆಂದ’ ಎಂದು ಬರೆದು ನಾಲ್ಕು ಮಂದಿಗೆ ಕಳಿಸಿದ ಕೂಡಲೇ ಅದು ಬರೀ ಹಂಬಲವಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ತೀರ್ಪು ಅಂದ ಮೇಲೆ ಸಾಕ್ಷಿ ಬೇಕು, ಎದುರು ಕಡೆಯವರನ್ನೂ ಕೇಳಬೇಕು. ಪೆಟ್ರೋಲ್ ಪಂಪಿನ ಮಟ್ಟಿಗಾದರೂ ನನ್ನ ಹತ್ತಿರ ಸಾಕ್ಷಿ ಇದೆ.

ನಮ್ಮಪ್ಪ ಮೂಡಲಗಿಯ ಹೊರಗೆ ಒಂದು ಪಂಪಿನಲ್ಲಿ ಇಪ್ಪತ್ತೆರಡು ವರ್ಷ ಕಾರಕೂನನಾಗಿದ್ದ. ಮೂಡಲಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಆಗ ಅದು ಗೋಕಾಕ ತಾಲ್ಲೂಕಿನ ಒಂದು ಊರು. ಆ ಪಂಪು ಈಗಿಲ್ಲ. ಎರಡೇ ಯಂತ್ರ, ಒಂದು ಪೆಟ್ರೋಲಿನದು, ಒಂದು ಡೀಸೆಲ್‌ದು. ಮುಖದ ಮೇಲೆ ಅಂಕಿಗಳ ಗಾಲಿ ಗರಗರ ಉರುಳುತ್ತಿತ್ತು. ಹೊಸ ಗಿರಾಕಿಗೆ ಮೊದಲು ಸೊನ್ನೆ ತೋರಿಸಬೇಕು. ಕರೆಂಟು ಹೋದರೆ (ಹೋಗದ ದಿನ ಯಾವುದಿತ್ತು!) ಪಕ್ಕದ ತೂತಿಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕು. ಬೆಳಿಗ್ಗೆ ನೆಲದೊಳಗಿನ ಟಾಕಿಗೆ ಉದ್ದನೆಯ ಅಳತೆ ಕೋಲು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ಅಪ್ಪನ ಮೊದಲ ಕೆಲಸ. ರಾಜದೂತ, ಯೆಜ್ದಿ, ಲೂನಾ ಬಂದರೆ ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸಬೇಕು. ಯೆಜ್ದಿಯೆಂದರೆ ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ. ಬೆರೆಸಿದವರು ಗಾಡಿಯನ್ನು ಆಚೆ ಈಚೆ ಅಲುಗಾಡಿಸಿ ಒದ್ದು ಚಾಲೂ ಮಾಡಿ ನೀಲಿ ಹೊಗೆ ಬಿಟ್ಟು ಹೋಗುತ್ತಿದ್ದರು. ಆ ಹೊಗೆಯ ವಾಸನೆ ಈಗಲೂ ನನಗೆ ಮನೆಯ ವಾಸನೆ. ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ, ಜಗತ್ತಿನ ಕೊನೆಯ ಪಂಪಿನಲ್ಲಿ, ಅಲ್ಜೀರಿಯದಲ್ಲಿ, 2021ರಲ್ಲಿ. ಸೀಸ ಮಕ್ಕಳ ಮಿದುಳಿಗೆ ವಿಷ ಎಂದು ಈಗ ಎಲ್ಲರಿಗೂ ಗೊತ್ತು. ವಾಸನೆಗೆ ಅದು ಗೊತ್ತಿಲ್ಲ, ಅದು ಬಂದಾಗ ಮನಸ್ಸು ಹಿಗ್ಗುತ್ತಲೇ ಇರುತ್ತದೆ.

ಆದರೆ ಪಂಪಿನ ಜೀವ ಯಂತ್ರದಲ್ಲಿರಲಿಲ್ಲ, ಉದ್ರಿ ವಹಿಯಲ್ಲಿತ್ತು. ನಮ್ಮ ಕಡೆ ಕಬ್ಬಿನ ದುಡ್ಡು ಫ್ಯಾಕ್ಟರಿಯಿಂದ ಬಿಲ್ಲು ಬಂದಾಗಲೇ ಕೈಗೆ ಬರುವುದು. ಅಲ್ಲಿಯವರೆಗೆ ಟ್ರ್ಯಾಕ್ಟರ್ ಓಡಬೇಕು, ಎಂಜಿನ್ನಿನಿಂದ ನೀರು ಎತ್ತಬೇಕು. ಕೆಂಪು ಬಟ್ಟೆಯ ರಟ್ಟಿನ ಆ ವಹಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಗೋಡೆಯ ಮೇಲೆ ‘ಇಂದು ನಗದ, ನಾಳೆ ಉದ್ರಿ’ ಎಂದು ಬರೆದಿತ್ತು, ಅದರ ಕೆಳಗೇ ಕೂತು ಅಪ್ಪ ಉದ್ರಿ ಬರೆಯುತ್ತಿದ್ದ. ಸದ್ದು ಕೇಳಿಯೇ ‘ಗೌಡರ ಫರ್ಗುಸನ್ ಬಂತು’ ಎನ್ನುತ್ತಿದ್ದ. ಯಾರ ಮಗಳ ಲಗ್ನ ಯಾವಾಗ, ಯಾರ ಬಾವಿ ಬತ್ತಿದೆ, ಯಾರನ್ನು ಈ ತಿಂಗಳು ಕೇಳಬಾರದು, ಎಲ್ಲ ಅವನಿಗೆ ಗೊತ್ತು. ಒಂದು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರು. ಹೆರಿಗೆ ನೋವಿನ ಹೆಣ್ಣುಮಗಳನ್ನು ಘಟಪ್ರಭೆಯ ಆರೋಗ್ಯಧಾಮಕ್ಕೆ ಒಯ್ಯುವ ಜೀಪಿನಲ್ಲಿ ಎಣ್ಣೆ ಇಲ್ಲ. ಅಪ್ಪ ಬನಿಯನ್ನಿನಲ್ಲೇ ಓಡಿಹೋಗಿ ಹ್ಯಾಂಡಲ್ ತಿರುಗಿಸಿ ಹಾಕಿಕೊಟ್ಟ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ವಹಿಯಲ್ಲಿ ಬರೆದನೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಹಳಹಳಿಸುವುದು ಇದಕ್ಕೇ, ಹೆಸರು ಹಿಡಿದು ಕರೆಯುವ ಪಂಪಿಗೆ. ಈಗಿನ ಪಂಪಿನಲ್ಲಿ ಟೋಪಿ ಹಾಕಿದ ಹುಡುಗ ನನ್ನ ಮುಖ ನೋಡುವುದಿಲ್ಲ, ಟಾಕಿಯ ಬಾಯಿ ನೋಡುತ್ತಾನೆ. ಇದನ್ನು ಒಮ್ಮೆ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳುತ್ತ ಕೂತಿದ್ದೆ. ನನಗಿಂತ ನಾಲ್ಕು ವರ್ಷ ಸಣ್ಣವನಾದ ಸಹೋದ್ಯೋಗಿ ಗೆಳೆಯ, ನಮ್ಮೂರಿನವನೇ, ಚಹಾ ಕುಡಿಯುತ್ತ ಕೇಳಿಸಿಕೊಂಡ. ಆಮೇಲೆ ಹೇಳಿದ:

“ನಿಮ್ಮಪ್ಪಾರಿಗೆ ಎಲ್ಲಾರ ಹೆಸರೂ ಗೊತ್ತಿತ್ತರೀ ಸರ, ಖರೆ. ನಮ್ಮಪ್ಪನ ಹೆಸರೂ ಗೊತ್ತಿತ್ತು. ಅದಕ್ಕ ನಮ್ಮಪ್ಪ ಅಲ್ಲಿ ನೀರು ಕುಡೀತಿದ್ದಿಲ್ಲ.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿದ. ಅವನ ತಂದೆ ಕಬ್ಬು ಹೇರುವ ಗ್ಯಾಂಗಿನಲ್ಲಿದ್ದ. ಟ್ರ್ಯಾಕ್ಟರ್ ಎಣ್ಣೆ ಹಾಕಿಸಿಕೊಳ್ಳಲು ನಿಂತಾಗ ಗ್ಯಾಂಗಿನವರು ಟ್ರೇಲರಿನ ಮೇಲೆ ಬಿಸಿಲಲ್ಲಿ ಕೂತಿರುತ್ತಿದ್ದರು. ಬೇವಿನ ಗಿಡದ ಕೆಳಗೆ ಒಂದು ಹರವಿ, ಅದರ ಮೇಲೊಂದು ತಂಬಿಗೆ ಇತ್ತು. ಆ ಹರವಿ ನನಗೆ ಚೆನ್ನಾಗಿ ನೆನಪಿದೆ. ನನ್ನ ನೆನಪಿನಲ್ಲಿ ಅದರ ನೀರು ತಂಪಾಗಿದೆ, ಅಷ್ಟೇ.

ಹೆಸರು ಗೊತ್ತಿರುವುದು ಎಂದರೆ ನಮ್ಮ ನಾಡಿನಲ್ಲಿ ಬರೀ ಹೆಸರು ಗೊತ್ತಿರುವುದಲ್ಲ. ಘಟಪ್ರಭೆಯಿಂದ ಹೊರಟ ರೈಲು ಕುಡಚಿ, ಶೇಡಬಾಳ ದಾಟಿ ಮಿರಜ ಮುಟ್ಟಿ, ಅಲ್ಲಿಂದ ಪುಣೆಯ ಕಡೆ ಹೋಗುವ ಹಾದಿಯಲ್ಲಿ ಮಸೂರ ಎಂಬ ಸಣ್ಣ ನಿಲ್ದಾಣವಿದೆ. 1901ರಲ್ಲಿ ಅಲ್ಲಿ ನಾಲ್ಕು ಹುಡುಗರು ಇಳಿದರು. ಒಳ್ಳೆಯ ಅಂಗಿ ತೊಟ್ಟಿದ್ದರು. ಬ್ರಾಹ್ಮಣರ ಮಕ್ಕಳಿರಬೇಕೆಂದು ಸ್ಟೇಷನ್ ಮಾಸ್ತರ ಅಕ್ಕರೆಯಿಂದ ವಿಚಾರಿಸಿದ. ‘ಮಹಾರರು’ ಎಂದು ಒಬ್ಬ ಹುಡುಗ ಹೇಳಿದ ಕೂಡಲೇ ಅವನ ಮುಖ ಬದಲಾಯಿತು. ಊರಿಗೆ ಹೋಗಲು ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ರಾತ್ರಿಯಿಡೀ ಹಾದಿಯಲ್ಲಿ ಅವರಿಗೆ ಕುಡಿಯಲು ನೀರು ಸಿಗಲಿಲ್ಲ. ಆ ಮಕ್ಕಳಲ್ಲಿ ಒಬ್ಬರು ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಅದನ್ನು ನಾನು ಹಿಂದೆಯೂ ಓದಿದ್ದೆ. ಗೆಳೆಯನ ಮಾತಿನ ನಂತರ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆ: ಆ ಮಕ್ಕಳು ಯಾರೆಂದು ಗೊತ್ತಿಲ್ಲದಿದ್ದಷ್ಟು ಹೊತ್ತು ಸ್ಟೇಷನ್ ಮಾಸ್ತರ ಒಳ್ಳೆಯವನಾಗಿಯೇ ಇದ್ದ.

ಇದು ನಮ್ಮ ಕಡೆಯ ಕತೆ ಮಾತ್ರವಲ್ಲ. ಹಳೆಯ ಪೆಟ್ರೋಲ್ ಪಂಪುಗಳ ಬಗ್ಗೆ ಅಮೆರಿಕದವರಷ್ಟು ಹಳಹಳಿಸುವವರು ಬೇರೆ ಇಲ್ಲ. ಅವರ ಚಿತ್ರಗಳಲ್ಲಿ ಸಮವಸ್ತ್ರದ ಆಳು ಗಾಜು ಒರೆಸುತ್ತ, ಟಯರಿನ ಗಾಳಿ ನೋಡುತ್ತ, ಹೆಸರು ಹಿಡಿದು ಮಾತಾಡಿಸುತ್ತಿರುತ್ತಾನೆ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವನು 1936ರಲ್ಲಿ ಒಂದು ಪುಸ್ತಕ ತಂದ. ಕರಿಯರು ಕಾರಿನಲ್ಲಿ ಹೊರಟರೆ ಯಾವ ಊರಲ್ಲಿ ಯಾವ ಹೋಟೆಲು, ಯಾವ ಪಂಪು ಅವರನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಪಟ್ಟಿ. ಸುಮಾರು ಮೂವತ್ತು ವರ್ಷ ಅದು ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇತ್ತು. ಎಸ್ಸೊ ಕಂಪನಿಯ ಪಂಪುಗಳಲ್ಲಿ ಆ ಪುಸ್ತಕ ಸಿಗುತ್ತಿತ್ತು. ನಮ್ಮ ದೇಶದ ರಸ್ತೆಗಳಲ್ಲೂ ಹುಲಿಯ ಚಿತ್ರ ಹಾಕಿಕೊಂಡು ನಿಂತಿದ್ದ ಅದೇ ಎಸ್ಸೊ. 1974ರಲ್ಲಿ ಸರ್ಕಾರದ ಕೈಗೆ ಬಂದು ಅದು ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು. ಹುಲಿಯ ಚಿತ್ರ ನೆನಪಿಟ್ಟವರು ಬಹಳ ಮಂದಿ. ಆ ಪುಸ್ತಕವನ್ನು ಕಾರಿನ ಖಾನೆಯಲ್ಲಿಟ್ಟುಕೊಂಡು ಹೊರಟವರ ನೆನಪಿನಲ್ಲಿ ಪಂಪು ಹೇಗೆ ಕಾಣಿಸುತ್ತಿತ್ತು ಎಂದು ಕೇಳಿದವರು ಕಡಿಮೆ.

ಕಾರಿನ ಶೋರೂಮಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಯಾಕೆಂದರೆ ಆಗ ಅಲ್ಲಿ ನೋಡುವುದಕ್ಕೇ ಹೆಚ್ಚೇನೂ ಇರುತ್ತಿರಲಿಲ್ಲ. ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿಗೆ ಹೋದರೆ ಒಂದು ಮೇಜು, ಒಂದು ಕ್ಯಾಲೆಂಡರು, ಒಂದು ದಪ್ಪ ರಜಿಸ್ಟರು. ವರ್ಷಕ್ಕೆ ಎಷ್ಟು ಗಾಡಿ ಮಾಡಬೇಕು ಎಂಬುದು ಸರ್ಕಾರ ಕೊಟ್ಟ ಲೈಸೆನ್ಸಿನಲ್ಲಿ ಬರೆದಿರುತ್ತಿತ್ತು. ಕೊಳ್ಳುವವರು ದುಡ್ಡು ಕಟ್ಟಿ ಹೆಸರು ಬರೆಸಿ ಕಾಯಬೇಕು. ಅಂಬಾಸಿಡರಿಗೆ, ಫಿಯೆಟ್ಟಿಗೆ ವರ್ಷಗಟ್ಟಲೆ. ಬಜಾಜ್ ಚೇತಕ್ ಸ್ಕೂಟರಿಗೆ ಹತ್ತು ವರ್ಷದವರೆಗೂ ಕಾದವರಿದ್ದಾರೆ. ಮದುವೆಯಲ್ಲಿ ಬರೆಸಿದ ಸ್ಕೂಟರ್ ಮಗ ಶಾಲೆಗೆ ಹೋಗುವಾಗ ಬಂತು ಎಂಬ ನಗೆಮಾತಿತ್ತು. ಪರದೇಶದ ಹಣ ಕಟ್ಟುವವರಿಗೆ ಬೇಗ, ಪುಢಾರಿಯ ಚೀಟಿ ತಂದವರಿಗೆ ಇನ್ನೂ ಬೇಗ. ಬಂದ ಗಾಡಿಯನ್ನು ಅಲ್ಲೇ ಮೇಲುದುಡ್ಡಿಗೆ ಮಾರಿ ಹೋಗುವವರೂ ಇದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, 1991ರ ನಂತರ ಲೈಸೆನ್ಸಿನ ಕಾಲ ಮುಗಿಯಿತು, 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ‘ಆಗ ಒಂದು ಗಾಡಿ ಬಂದರೆ ಊರಿಗೇ ಹಬ್ಬ’ ಎನ್ನುತ್ತಾರೆ. ಹಬ್ಬವೇ, ಸುಳ್ಳಲ್ಲ. ಉಳಿದವರ ಕಾಯುವಿಕೆಯಿಂದ ಮಾಡಿದ ಹಬ್ಬ. ಅಲ್ಲಿಯೂ ನಡೆಯುತ್ತಿದ್ದದ್ದು ಗುರುತು, ಪರಿಚಯ, ‘ಇವರು ನಮ್ಮವರು’ ಎಂಬ ಮಾತು.

ಮೂರನೆಯದು ತೂಕದ ಯಂತ್ರ. ಇದರ ಬಗ್ಗೆ ಮಾತ್ರ ನಾನೂ ಗೆಳೆಯನೂ ಒಂದೇ ಕಡೆ ನಿಲ್ಲುತ್ತೇವೆ.

ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂದರೆ ಮಿರಜ. ಆಗ ಅಲ್ಲಿಯವರೆಗೆ ನಮ್ಮದು ಮೀಟರ್‌ಗೇಜು. ಆಸ್ಪತ್ರೆಯ ಸಲುವಾಗಿ ಮಿರಜಿಗೆ ಹೋದ ಮಕ್ಕಳಿಗೆಲ್ಲ ಆಸ್ಪತ್ರೆಗಿಂತ ಹೆಚ್ಚು ನೆನಪಿರುವುದು ನಿಲ್ದಾಣದ ಆ ಯಂತ್ರ. ಆಳೆತ್ತರದ ಡಬ್ಬಿ, ಗಾಜಿನ ಹಿಂದೆ ತಿರುಗುವ ಬಣ್ಣದ ಚಕ್ರ, ಹತ್ತಿ ಆರುವ ಬಲ್ಬುಗಳು. ಹಲಗೆಯ ಮೇಲೆ ನಿಂತು ಚಕ್ರ ನಿಲ್ಲುವತನಕ ಕಾಯಬೇಕು. ನಾಣ್ಯ ಹಾಕಿದರೆ ಒಳಗೆ ಏನೋ ಕಟಕಟ ಎಂದು ಕೆಳಗಿನ ಬಟ್ಟಲಿಗೆ ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಹಳೆಯ ರೈಲು ಟಿಕೇಟಿನಂಥದು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಕೆಲವದರ ಮೇಲೆ ಸಿನಿಮಾ ನಟ ನಟಿಯರ ಚಿತ್ರ. ಭವಿಷ್ಯ ಯಾವಾಗಲೂ ಒಳ್ಳೆಯದೇ. ನೀವು ಉದಾರಿಗಳು, ಕಷ್ಟದ ದಿನಗಳು ಮುಗಿಯುತ್ತ ಬಂದವು, ಇಂಥವು. ಅದೇ ಹಲಗೆಯ ಮೇಲೆ ಜ್ಯೋತಿಷಿಯೂ ನಿಲ್ಲಬಹುದಿತ್ತು, ಅವನಿಗೂ ಅದೇ ಗತಿ.

ಗೆಳೆಯ ಹೇಳಿದ, “ನಮ್ಮವ್ವಗ ಅದರ ಮ್ಯಾಲೆ ಭಾಳ ಪ್ರೀತಿರೀ ಸರ. ಹೋಟೆಲಿನ್ಯಾಗ ನಮಗ ಬ್ಯಾರೇ ಕಪ್ಪು ಇಡತಿದ್ರು, ಅದನ್ನ ನಾವಽ ತೊಳದು ಇಡಬೇಕು. ಈ ಮಿಷನ್ನು ಏನೂ ಕೇಳತಿದ್ದಿಲ್ಲ. ರೊಕ್ಕಾ ಹಾಕಿದ್ರ ಚೀಟಿ ಕೊಡತಿತ್ತು.”

ಈ ಮಾತು ಕೇಳಿದ ಮೇಲೆ ನಾನು ಇಂಥ ಯಂತ್ರಗಳ ಇತಿಹಾಸ ಹುಡುಕಿದೆ. ನಾಣ್ಯ ಹಾಕಿದರೆ ಸಾಮಾನು ಕೊಡುವ ಯಂತ್ರದ ಅತ್ಯಂತ ಹಳೆಯ ವಿವರ ಸಿಗುವುದು ಸುಮಾರು ಎರಡು ಸಾವಿರ ವರ್ಷದ ಹಿಂದಿನ ಅಲೆಕ್ಸಾಂಡ್ರಿಯದ ಹೀರೋನ ಬರಹದಲ್ಲಿ. ಅದು ಕೊಡುತ್ತಿದ್ದದ್ದು ಚಾಕೊಲೇಟನ್ನಲ್ಲ, ಗುಡಿಯ ತೀರ್ಥವನ್ನು. ಐದು ದ್ರಾಕ್ಮದ ನಾಣ್ಯ ಬೀಳುವ ಭಾರಕ್ಕೆ ಒಳಗಿನ ಸನ್ನೆ ಬಾಗಿ ಬಾಯಿ ತೆರೆಯುತ್ತದೆ, ನಾಣ್ಯ ಜಾರಿ ಬಿದ್ದ ಕೂಡಲೇ ಸನ್ನೆ ಮೇಲೆದ್ದು ಬಾಯಿ ಮುಚ್ಚುತ್ತದೆ. ಅಷ್ಟರಲ್ಲಿ ಸುರಿದಷ್ಟು ನೀರು ನಿಮ್ಮದು. ಕಾಸಿಗೆ ಮೀರಿ ತೀರ್ಥ ಹೋಗದಿರಲಿ ಎಂಬ ಲೆಕ್ಕಾಚಾರ ಇದ್ದೀತು. ಆದರೂ ಯೋಚಿಸಿ ನೋಡಿ. ತೀರ್ಥ ಕೊಡುವ ಕೈ ಅಲ್ಲಿ ಇಲ್ಲ. ಕೈ ಇಲ್ಲ ಅಂದ ಮೇಲೆ ಆ ಕೈ ಎಷ್ಟು ಎತ್ತರದಿಂದ ಸುರಿಯಬೇಕು ಎಂಬ ಪ್ರಶ್ನೆಯೂ ಇಲ್ಲ.

ಇನ್ನೊಂದು ಕತೆ 1822ರದು. ಲಂಡನ್ನಿನ ಪುಸ್ತಕ ವ್ಯಾಪಾರಿ ರಿಚರ್ಡ್ ಕಾರ್ಲೈಲ್, ಥಾಮಸ್ ಪೇನ್‌ನಂಥ ವಿಚಾರವಾದಿಗಳ ಪುಸ್ತಕ ಪ್ರಕಟಿಸಿದ್ದಕ್ಕೆ ಜೈಲು ಕಂಡವನು. ಅವನ ಅಂಗಡಿಯಲ್ಲಿ ಪುಸ್ತಕ ಮಾರಿದವರನ್ನೂ ಹಿಡಿದು ಒಳಗೆ ಹಾಕುತ್ತಿದ್ದರು. ಅದಕ್ಕೆ ಅವನು ಮಾಡಿದ ಉಪಾಯ ಒಂದು ಯಂತ್ರ. ಗಿರಾಕಿ ಮುಳ್ಳನ್ನು ಬೇಕಾದ ಪುಸ್ತಕದ ಹೆಸರಿಗೆ ತಿರುಗಿಸಿ ದುಡ್ಡು ಹಾಕಿದರೆ ಪುಸ್ತಕ ಕೆಳಗೆ ಬೀಳುತ್ತದೆ. ಮಾರಿದವರು ಯಾರು ಎಂದು ಸಾಕ್ಷಿ ಹೇಳಲು ಯಾರಿಗೂ ಬರುವುದಿಲ್ಲ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ, ಕೆಲಸದವನಿಗೆ ಶಿಕ್ಷೆ ಆಯಿತು. ಮುಖ ಕಾಣದಿರುವುದರಲ್ಲಿ ಒಂದು ರಕ್ಷಣೆ ಇದೆ ಎಂದು ಆ ಮನುಷ್ಯನಿಗೆ ಹೊಳೆದಿತ್ತು. ನನ್ನ ಗೆಳೆಯನ ತಾಯಿಗೆ ಅದು ಮಿರಜಿನಲ್ಲಿ ಹೊಳೆಯಿತು.

ಹಾಗಾದರೆ ಯಂತ್ರವೇ ಒಳ್ಳೆಯದು, ಮನುಷ್ಯರ ಪಂಪು ಕೆಟ್ಟದ್ದು ಎಂದು ಬರೆದು ಎದ್ದುಬಿಡಬಹುದಿತ್ತು. ಆ ಹೆರಿಗೆಯ ರಾತ್ರಿ ಬಿಡುವುದಿಲ್ಲ. ನಾಣ್ಯ ಇಲ್ಲದವರ ಮುಂದೆ ಯಂತ್ರ ಕಲ್ಲು. ರಾತ್ರಿ ಎರಡಕ್ಕೆ ಬಡಿಯಲು ಅದಕ್ಕೆ ಬಾಗಿಲಿಲ್ಲ, ‘ಈ ತಿಂಗಳು ಇವರನ್ನು ಕೇಳಬಾರದು’ ಎಂದು ಅದಕ್ಕೆ ಅನ್ನಿಸುವುದಿಲ್ಲ. ಗುರುತು ಹಿಡಿಯದ ಯಂತ್ರ ಅವಮಾನ ಮಾಡದು, ಕರುಣೆಯನ್ನೂ ತೋರದು. ಅಪ್ಪನ ಉದ್ರಿಯಲ್ಲಿ ಕರುಣೆ ಇತ್ತು. ಆದರೆ ಆ ವಹಿಯಲ್ಲಿ ಪುಟ ಸಿಗಬೇಕಾದರೆ ಕಬ್ಬು ಇರಬೇಕು, ಕಬ್ಬು ಇರಬೇಕಾದರೆ ನೀರಾವರಿ ಹೊಲ ಇರಬೇಕು. ಕರುಣೆಗೂ ಸಾತಬಾರಾ ಉತಾರ ಬೇಕಾಗಿತ್ತು. ಆ ರಾತ್ರಿಯ ಜೀಪು ಕೇರಿಯಿಂದ ಬಂದಿದ್ದರೆ ಅಪ್ಪ ಎಣ್ಣೆ ಹಾಕುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಹಾಕುತ್ತಿದ್ದ ಎಂದೇ ನಂಬುತ್ತೇನೆ. ಆದರೆ ಕೇರಿಯಲ್ಲಿ ಜೀಪು ಇರಲಿಲ್ಲ.

ಈಗಿನ ಸ್ಥಿತಿ ಇನ್ನೂ ವಿಚಿತ್ರ. ಯಂತ್ರಗಳೇ ಗುರುತು ಹಿಡಿಯಲು ಶುರು ಮಾಡಿವೆ. ವಿದ್ಯುತ್ ಗಾಡಿ ಚಾರ್ಜು ಮಾಡಲು ನಿಂತರೆ ಅಲ್ಲಿ ಮನುಷ್ಯರಿಲ್ಲ, ಆದರೆ ಫೋನ್ ನಂಬರು, ಓಟಿಪಿ ಕೇಳುತ್ತದೆ. ಟ್ರ್ಯಾಕ್ಟರ್ ಶೋರೂಮಿಗೆ ಹೋದರೆ ಸಾಲಕ್ಕೆ ಮೊದಲು ಸಿಬಿಲ್ ಸ್ಕೋರು. ಅದು ನಮ್ಮಪ್ಪನ ವಹಿಯೇ, ಆದರೆ ಬಾವಿ ಬತ್ತಿದ್ದು ಅದಕ್ಕೆ ಗೊತ್ತಿಲ್ಲ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಫೋನಿನಿಂದ ದುಡ್ಡು ಕಳಿಸುವುದು. ಚಹಾದಂಗಡಿಯಲ್ಲಿ ಕೋಡು ತೋರಿಸಿ ಹತ್ತು ರೂಪಾಯಿ ಕಳಿಸಿದರೆ ಅಂಗಡಿಯವನ ಫೋನಿನಲ್ಲಿ ಕಳಿಸಿದವರ ಪೂರ್ತಿ ಹೆಸರು ಮೂಡುತ್ತದೆ. ನಮ್ಮ ಕಡೆ ಪೂರ್ತಿ ಹೆಸರು ಎಂದರೆ ಅಡ್ಡಹೆಸರು ಸಮೇತ. ಅಡ್ಡಹೆಸರು ಗೊತ್ತಾದರೆ ಓಣಿ ಗೊತ್ತಾಗುತ್ತದೆ, ಓಣಿ ಗೊತ್ತಾದರೆ ಉಳಿದದ್ದು ಗೊತ್ತಾಗುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬ ಧಾರವಾಡದಲ್ಲಿ ಖೋಲಿ ಹುಡುಕುತ್ತಿದ್ದ. ಮಾತೆಲ್ಲ ಮುಗಿದು ಮುಂಗಡ ಐನೂರು ರೂಪಾಯಿ ಫೋನಿನಿಂದ ಕಳಿಸಿದ ಹತ್ತು ನಿಮಿಷಕ್ಕೆ ದುಡ್ಡು ವಾಪಸ್ ಬಂತು, ‘ಖೋಲಿ ಬೇರೆಯವರಿಗೆ ಹೇಳಿಬಿಟ್ಟಿದ್ದೆ, ಮರೆತಿದ್ದೆ’ ಎಂದು. ಮರೆತಿರಲೂಬಹುದು. ಆ ಹುಡುಗ ಈಗ ಮುಂಗಡವನ್ನು ನೋಟಿನಲ್ಲೇ ಕೊಡುತ್ತಾನೆ. ಅವನಿಗೆ ಇಪ್ಪತ್ತೊಂದು ವರ್ಷ. ಹಳೆಯ ಕಾಲದ ಹಂಬಲ ಅವನಿಗೆ ಇರುವ ಸಾಧ್ಯತೆಯೇ ಇಲ್ಲ. ಆದರೂ ಅವನು ಹಿಂದಕ್ಕೆ ಹೋಗಿ ಹಿಡಿದುಕೊಂಡದ್ದು ನಮ್ಮ ಚಿತ್ರಗಳಲ್ಲಿ ಯಾರೂ ಚೆಂದ ಎನ್ನದ ಒಂದು ವಸ್ತುವನ್ನು. ನಾಣ್ಯಕ್ಕೆ, ನೋಟಿಗೆ ಅಡ್ಡಹೆಸರಿಲ್ಲ.

ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾನ್ ರಾಲ್ಸ್ ಗೊತ್ತಿರುತ್ತಾನೆ. ಸಮಾಜದಲ್ಲಿ ನಿಮ್ಮ ಜಾಗ ಯಾವುದು ಎಂದು ಗೊತ್ತಿಲ್ಲದ ಒಂದು ಪರದೆಯ ಹಿಂದೆ ನಿಂತು ನಿಯಮಗಳನ್ನು ಆರಿಸಿರಿ, ಆಗ ಅವು ನ್ಯಾಯವಾಗಿರುತ್ತವೆ ಎಂದು 1971ರ ಪುಸ್ತಕದಲ್ಲಿ ಹೇಳಿದವನು. ಮುಂದೆ ಬರಬೇಕಾದ ಸಮಾಜಕ್ಕೆ ಈ ಪರೀಕ್ಷೆ ಹೊಂದೀತು. ನೆನಪಿಗೆ ಹೇಗೆ ಹೊಂದಬೇಕು? ನೆನಪು ಎಂದರೇ ಒಂದು ಜಾಗದಿಂದ ಕಂಡದ್ದು. ನಾನು ಪಂಪಿನ ಖೋಲಿಯೊಳಗೆ ಅಪ್ಪನ ಕುರ್ಚಿಯ ಪಕ್ಕದಿಂದ ನೋಡಿದೆ. ಟ್ರೇಲರಿನ ಮೇಲಿಂದ ನೋಡಿದ ಪಂಪು ನನ್ನ ಹತ್ತಿರ ಇಲ್ಲ. ಎಷ್ಟು ಸಹಾನುಭೂತಿ ತಂದುಕೊಂಡರೂ ಅದು ನನ್ನ ನೆನಪಾಗುವುದಿಲ್ಲ. ಇನ್ನೊಬ್ಬರು ಹೇಳಿದರೆ ಕೇಳಿಸಿಕೊಳ್ಳಬಹುದು, ಅಷ್ಟೇ. ಹಾಗೆ ಕೇಳಿಸಿಕೊಂಡ ಮೇಲೂ ನನ್ನ ಹಳಹಳಿಕೆ ಹೋಗಿಲ್ಲ ಎಂಬುದನ್ನು ಹೇಳಬೇಕು. ನೀಲಿ ಹೊಗೆ ಈಗಲೂ ಚೆಂದ. ಹರವಿಯ ನೀರು ಮಾತ್ರ ನೆನಪಿನಲ್ಲಿ ಮೊದಲಿನಷ್ಟು ತಂಪಾಗಿಲ್ಲ.

ಅಪ್ಪನಿಗೆ ಈಗ ಎಂಬತ್ತೇಳು. ಕಿವಿ ಮಂದ, ನೆನಪು ಚುರುಕು. ಒಂದು ಸಂಜೆ ಕೇಳಿದೆ, “ಪಂಪಿನ್ಯಾಗ ಕಬ್ಬಿನ ಗ್ಯಾಂಗಿನವರಿಗೆ ನೀರು ಹ್ಯಾಂಗ ಕೊಡತಿದ್ದೆಪಾ?” ಪ್ರಶ್ನೆ ಎಲ್ಲಿಂದ ಬಂತೆಂದು ಅವನಿಗೆ ತಿಳಿಯಿತು ಎನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

“ನಾ ಯಾರಿಗೂ ನೀರಿಲ್ಲ ಅಂದಾಂವ ಅಲ್ಲ,” ಅಂದ. “ಮಾಲಕರು ಹರವಿ ಮುಟ್ಟಸಬ್ಯಾಡ ಅಂದಿದ್ರು. ನಾನಽ ಎದ್ದು ಹೋಗಿ ಮ್ಯಾಲಿಂದ ಹಾಕತಿದ್ದೆ.”

ಎದ್ದು ಹೋಗುತ್ತಿದ್ದ ಎಂಬುದು ಅವನಿಗೆ ದೊಡ್ಡದು. ಆ ಕಾಲದಲ್ಲಿ ಎಷ್ಟು ಮಂದಿ ಕಾರಕೂನರು ಕುರ್ಚಿ ಬಿಟ್ಟು ಏಳುತ್ತಿದ್ದರು? ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ ಎಂಬ ಪ್ರಶ್ನೆ ಹೋಗಿಲ್ಲ. ಇದನ್ನು ಗೆಳೆಯನಿಗೆ ಹೇಳಿದೆ. ಹೇಳದೆ ಇಟ್ಟುಕೊಳ್ಳುವುದು ಸರಿ ಅನ್ನಿಸಲಿಲ್ಲ.

“ಹಾಕತಿದ್ರು, ಖರೆ,” ಅಂದ. “ಬೊಗಸಿ ಹಿಡದ ಕುಡದ್ರ ಅರ್ಧಾ ನೀರು ಮೊಣಕೈ ಹಿಡದು ಅಂಗಿಯೊಳಗ ಇಳೀತದರೀ ಸರ. ಅದಕ್ಕ ನಮ್ಮಪ್ಪ ಮನಿಯಿಂದ ಬಾಟಲಿ ತರತಿದ್ದ.”

ಆಮೇಲೆ ಅವನೇ ಕೇಳಿದ, ಉದ್ರಿ ವಹಿ ಇನ್ನೂ ಇದೆಯೇ ಎಂದು. ಪಂಪು ಮುಚ್ಚಿದಾಗ ರದ್ದಿಗೆ ಹೋಗಬೇಕಿದ್ದ ಒಂದೆರಡು ವಹಿಗಳನ್ನು ಅಪ್ಪ ಮನೆಗೆ ತಂದಿದ್ದ. ಮರುದಿನ ಬಂದ. ಅಪ್ಪ ಮಾತಾಡಿಸಿದ, “ನೀ ಇಂಥವನ ಮಗಾ ಅಲ್ಲೇನಪಾ?” ಎಂದು ತಂದೆಯ ಹೆಸರು ಸರಿಯಾಗಿ ಹೇಳಿದ. ಅವ್ವ ಇಬ್ಬರಿಗೂ ಒಂದೇ ತರದ ಕಪ್ಪಿನಲ್ಲಿ ಚಹಾ ತಂದುಕೊಟ್ಟಳು. ನಾವು ಹಾಳೆ ತಿರುಗಿಸುತ್ತ ಕೂತೆವು. ಗೌಡರು, ದೇಸಾಯರು, ಸಾಹುಕಾರರು, ಒಬ್ಬೊಬ್ಬರದು ಒಂದೊಂದು ಪುಟ, ಅಪ್ಪನ ದುಂಡು ಅಕ್ಷರ. ಹಿಂದಿನ ಪುಟಗಳಲ್ಲಿ ಪಂಪಿನ ಸಣ್ಣಪುಟ್ಟ ಖರ್ಚುಗಳ ಲೆಕ್ಕವಿತ್ತು. ಒಂದು ಕಡೆ ಗೆಳೆಯ ಬೆರಳಿಟ್ಟ. ‘ಆಯಿಲ್ ಬ್ಯಾರಲ್ ಇಳಿಸಿದ ಹಮಾಲಿ, 6 ಆಳು, 18 ರೂ.’

“ಸುಗ್ಗಿ ಇಲ್ಲದಾಗ ನಮ್ಮಪ್ಪ ಅಲ್ಲಿ ಬ್ಯಾರಲ್ ಇಳಸಾಕ ಹೋಗತಿದ್ದ,” ಅಂದ. “ಈ ಆರರಾಗ ಒಬ್ಬ ಇರಬೇಕು.” ಫೋನು ತೆಗೆದು ಆ ಪುಟದ ಒಂದು ಚಿತ್ರ ಹೊಡೆದುಕೊಂಡ.